ಗೋಡೆಯ ಬೂಷ್ಟು: ರಿಪೇರಿಯೋ, ಸಂಶೋಧನೆಯೋ?

ಪ್ರಶ್ನೆ: ನಾವು ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಅಂತಿಮ ವರ್ಷ ಓದುತ್ತಿರುವ ನಾಲ್ವರು. ನಮ್ಮಲ್ಲಿ ಇಬ್ಬರು ಇರುವ ಹಾಸ್ಟೆಲಿನಲ್ಲಿ ಮಳೆಗಾಲ ಬಂತೆಂದರೆ ಒಂದು ಸಾಲಿನ ಕೊಠಡಿಗಳ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಣಗುವುದಿಲ್ಲ, ಪುಸ್ತಕಗಳಿಗೆ ಮುಗ್ಗಲು ವಾಸನೆ. ಇದನ್ನೇ ಪ್ರಾಜೆಕ್ಟ್ ಮಾಡೋಣವೆಂದರೆ ಮಾರ್ಗದರ್ಶಕರು, "ಇದು ರಿಪೇರಿ ಕೆಲಸ, ಸಂಶೋಧನೆಯಲ್ಲ. ಕಾಂಕ್ರೀಟಿಗೆ ಏನಾದರೂ ಬೆರೆಸಿ ಅದರ ಬಲ ಪರೀಕ್ಷಿಸಿ" ಎನ್ನುತ್ತಾರೆ. ಅವರ ಮಾತು ಸರಿಯೇ? ಕೊಠಡಿಯೊಳಗಿನ ಗಾಳಿ, ತೇವ ಅಳೆಯಲು ದುಬಾರಿ ಉಪಕರಣ ಬೇಕೇ? ಅಲ್ಲಿರುವವರನ್ನು ಏನು ಕೇಳಬೇಕು, ಹೇಗೆ ಕೇಳಬೇಕು? – ಒಬ್ಬ ವಿದ್ಯಾರ್ಥಿನಿ, ಹಾಸನ

ಉತ್ತರ:

ನಿಮ್ಮ ಮಾರ್ಗದರ್ಶಕರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ನಿಜವಿದೆ. ಬೂಷ್ಟು ಕೆರೆದು, ಬ್ಲೀಚಿಂಗ್ ಪುಡಿಯ ನೀರು ಬಳಿದು, ಮೇಲೊಂದು ಕೋಟು ಬಣ್ಣ ಹೊಡೆದು, ‘ಮೊದಲು’ ಮತ್ತು ‘ನಂತರ’ ಎಂದು ಎರಡು ಫೋಟೊ ಅಂಟಿಸಿದರೆ ಅದು ರಿಪೇರಿಯೇ. ಆದರೆ ಆ ಸಾಲಿನ ಕೊಠಡಿಗಳಿಗೇ ಏಕೆ ಬಂತು, ಎದುರು ಸಾಲಿಗೆ ಏಕೆ ಬರಲಿಲ್ಲ, ಗೋಡೆಯ ಈ ಮೂಲೆಯಲ್ಲೇ ಏಕೆ ಶುರುವಾಯಿತು ಎಂದು ಕೇಳಿದಿರೋ, ಅಲ್ಲಿಗೆ ರಿಪೇರಿಯವರ ಗಡಿ ದಾಟಿದಿರಿ. ಆ ‘ಏಕೆ’ಗೆ ಉತ್ತರ ವಾರ್ಡನ್ ಬಳಿ ಇಲ್ಲ, ಕಟ್ಟಿಸಿದ ಗುತ್ತಿಗೆದಾರರ ಬಳಿಯೂ ಇಲ್ಲ. ಯಾರ ಬಳಿಯೂ ಇಲ್ಲದ ಉತ್ತರವನ್ನು ಅಳತೆ ಹಿಡಿದು ಹುಡುಕುವುದಕ್ಕೆ ಸಂಶೋಧನೆ ಎನ್ನದೆ ಮತ್ತೇನೆನ್ನಬೇಕು?

ಕಾಂಕ್ರೀಟಿಗೆ ಬೂದಿ ಬೆರೆಸಿ ಕ್ಯೂಬ್ ಎರಕ ಹೊಯ್ದು, 7ನೆಯ ದಿನ ಮತ್ತು 28ನೆಯ ದಿನ ಒಡೆದು ನೋಡುವ ಪ್ರಾಜೆಕ್ಟುಗಳ ಬಗ್ಗೆ ನನಗೆ ಅಗೌರವವಿಲ್ಲ. ನಾನೂ ಅಂಥದ್ದನ್ನೇ ಮಾಡಿ ಪದವಿ ಪಡೆದವನು. ಆದರೆ ನಮ್ಮ ವೃತ್ತಿಯಲ್ಲಿ ಒಂದು ದೊಡ್ಡ ಕಿಂಡಿ ಹಾಗೇ ಉಳಿದಿದೆ. ಕಟ್ಟಡ ಹಸ್ತಾಂತರವಾದ ಮೇಲೆ ಅಲ್ಲಿಗೆ ಮತ್ತೆ ಹೋಗಿ, ಒಳಗಿರುವವರು ಹೇಗಿದ್ದಾರೆ ಎಂದು ನೋಡುವ ಎಂಜಿನಿಯರ್ ಸಿಗುವುದು ಅಪರೂಪ. ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ಎದುರಾದ ದೊಡ್ಡ ಉದಾಹರಣೆಯಿದೆ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಇಂದು ನಾವು ಬೆರಗಿನಿಂದ ನೋಡುವ ಅದರ ಜಾಲಂಧ್ರಗಳು, ಅಂದರೆ ಗಾಳಿ ಬೆಳಕನ್ನು ಸೋಸಿ ಒಳಬಿಡುವ ಆ ಕಲ್ಲಿನ ಪರದೆಗಳು, ಆಗಲೇ ಬಂದವಲ್ಲ. ತೆರೆದಿದ್ದ ನವರಂಗಕ್ಕೆ, ಅಂದರೆ ಗರ್ಭಗುಡಿಯ ಮುಂದಿನ ಮಂಟಪಕ್ಕೆ, ಅವನ್ನು ಕೂಡಿಸಿದ್ದು ದಶಕಗಳ ಬಳಿಕ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಬಳಕೆಯಲ್ಲಿದ್ದ ಕಟ್ಟಡವೊಂದರ ಒಳಗಿನ ಬೆಳಕು ಗಾಳಿಯನ್ನೇ ಬದಲಿಸಿದ ಕೆಲಸ ಅದು. ನವರಂಗದೊಳಗೆ ಮಧ್ಯಾಹ್ನ ಹತ್ತು ನಿಮಿಷ ನಿಂತು ನೋಡಿ. ನೀವು ಓದಬೇಕೆಂದಿರುವ ವಿಷಯ ಎಷ್ಟು ಹಳೆಯದೆಂದು ತಿಳಿಯುತ್ತದೆ.

ಈಗ ನಿಮ್ಮ ಬೂಷ್ಟಿಗೆ ಬರೋಣ. ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ, ನಿಮಗೆ ಉಪಯೋಗವಾದೀತು.

ಕಟ್ಟಡಗಳ ನಿರ್ವಹಣೆಯ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಲೆನಾಡಿನ ಅಂಚಿನ ಒಂದು ವಸತಿಗೃಹ ನನ್ನ ಸುಪರ್ದಿಗೆ ಬಂತು. ಮೇಲಂತಸ್ತಿನ ಉತ್ತರ ಬದಿಯ ಕೊಠಡಿಗಳಲ್ಲಿ ಬೂಷ್ಟು. ಮಳೆಯ ನೀರು ಹೊರಗಿನಿಂದ ಇಳಿಯುತ್ತಿದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ಆ ವರ್ಷದ ರಿಪೇರಿ ಹಣದ ಬಹುಪಾಲನ್ನು ಹೊರಗೋಡೆಗೆ ಜಲನಿರೋಧಕ ಬಣ್ಣ ಹೊಡೆಸಲು ಸುರಿದೆ. ಮರುವರ್ಷ ಬೂಷ್ಟು ಹಾಗೆಯೇ ಬಂತು. ಆಗ ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ನನ್ನನ್ನು ಒಳಗೆ ಕರೆದು, "ಸ್ವಾಮಿ, ಈ ಬೀರು ಸರಿಸಿದ ಜಾಗ ನೋಡಿ. ಬೀರುವಿನ ಬೆನ್ನಿಗೆ ಇದ್ದ ಗೋಡೆ ಮಾತ್ರ ಕಪ್ಪಾಗಿದೆ, ಪಕ್ಕದ್ದು ಚೊಕ್ಕ ಇದೆ. ಮಳೆ ನೀರಿಗೆ ಬೀರು ಎಲ್ಲಿದೆಯೆಂದು ಹೇಗೆ ಗೊತ್ತಾಗುತ್ತದೆ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ನೀರು ಹೊರಗಿನಿಂದ ಬರುತ್ತಿರಲಿಲ್ಲ, ಒಳಗಿನ ಗಾಳಿಯಿಂದಲೇ ತಣ್ಣನೆಯ ಗೋಡೆಯ ಮೇಲೆ ಕೂರುತ್ತಿತ್ತು. ಬೀರುವಿನ ಹಿಂದೆ ಗಾಳಿಯಾಡದೆ ಗೋಡೆ ಇನ್ನೂ ತಣ್ಣಗಿತ್ತು. ಆ ಹೆಂಗಸು ವರ್ಷಗಳಿಂದ ಕಣ್ಣಾರೆ ಕಂಡಿದ್ದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಅಂದಿನಿಂದ ಯಾವ ಕಟ್ಟಡಕ್ಕೆ ಹೋದರೂ ಮೊದಲು ಗುಡಿಸುವವರನ್ನು, ಕಾವಲುಗಾರರನ್ನು, ನೀರು ಬಿಡುವವರನ್ನು ಮಾತನಾಡಿಸುತ್ತೇನೆ, ಮೀಟರನ್ನು ಆಮೇಲೆ ಚೀಲದಿಂದ ತೆಗೆಯುತ್ತೇನೆ. ನೀವೂ ಹಾಗೆ ಮಾಡಿ. ಅವರು ಹೇಳಿದ್ದನ್ನು ವರದಿಯಲ್ಲಿ ಅವರ ಮಾತಿನಲ್ಲೇ ಬರೆಯಿರಿ.

ಗೋಡೆಗೆ ನೀರು ಮುಖ್ಯವಾಗಿ ಮೂರು ದಾರಿಯಿಂದ ಬರುತ್ತದೆ. ಈ ಮೂರನ್ನು ಬೇರ್ಪಡಿಸುವುದೇ ನಿಮ್ಮ ಸಂಶೋಧನೆಯ ತಿರುಳು. ಒಂದು, ಹೊರಗಿನಿಂದ ಇಳಿಯುವ ಮಳೆ. ಮುಂಗಾರು ಗಾಳಿ ನೈಋತ್ಯದಿಂದ ಬೀಸುವುದರಿಂದ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಹೊಡೆತ ಹೆಚ್ಚು. ಕಲೆ ಸಜ್ಜದ ಬುಡದಲ್ಲಿ, ಕಿಟಕಿಯ ಚೌಕಟ್ಟಿನ ಸುತ್ತ, ಪ್ಯಾರಾಪೆಟ್ ತಾರಸಿಗೆ ಕೂಡುವಲ್ಲಿ ಕಾಣಿಸುತ್ತದೆ, ಮಳೆ ಜೋರಾದಾಗ ಹಿಗ್ಗುತ್ತದೆ. ಎರಡು, ನೆಲದಿಂದ ಏರುವ ತೇವ. ಇದು ನೆಲಮಹಡಿಯಲ್ಲಿ ಮಾತ್ರ, ಸಾಮಾನ್ಯವಾಗಿ ಸೊಂಟದ ಎತ್ತರ ದಾಟುವುದಿಲ್ಲ, ಪ್ಲಾಸ್ಟರ್ ಉದುರಿ ಬಿಳಿ ಉಪ್ಪು ಹಿಟ್ಟಿನಂತೆ ಕೈಗೆ ಅಂಟುತ್ತದೆ. ಆ ಉಪ್ಪು ಕಂಡಲ್ಲಿ ಕಪ್ಪು ಬೂಷ್ಟು ಕಡಿಮೆ. ಮೂರು, ಗೋಡೆ ಬೆವರುವುದು. ಮೂಲೆಗಳಲ್ಲಿ, ಬೀರು ಮಂಚಗಳ ಹಿಂದೆ, ಬಿಸಿಲು ಕಾಣದ ಬದಿಯಲ್ಲಿ, ಮೇಲಂತಸ್ತಿನ ತಾರಸಿಯ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಬೂಷ್ಟು ಹರಡುತ್ತದೆ.

ಇವನ್ನು ಬೇರ್ಪಡಿಸಲು ಒಂದು ಅಗ್ಗದ ಪರೀಕ್ಷೆಯಿದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದು ಅಡಿ ಚೌಕವಾಗಿ ಕತ್ತರಿಸಿ, ಕಲೆಯಿರುವ ಜಾಗವನ್ನು ಹೇರ್ ಡ್ರೈಯರಿನಿಂದ ಒಣಗಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹನಿ ಹಾಳೆಯ ಮೇಲೆ, ಕೊಠಡಿಯ ಕಡೆಗಿದ್ದರೆ ನೀರು ಗಾಳಿಯಿಂದ ಬಂದದ್ದು. ಹಾಳೆಯ ಹಿಂದೆ, ಗೋಡೆಯ ಕಡೆಗಿದ್ದರೆ ಗೋಡೆಯೊಳಗಿನಿಂದ ಬಂದದ್ದು. ಎರಡೂ ಕಡೆ ಇದ್ದರೆ ಎರಡೂ ಕಾರಣ ಕೂಡಿವೆ ಎಂದರ್ಥ, ನಮ್ಮ ಕಡೆ ಹಾಗಾಗುವುದು ಅಪರೂಪವೇನಲ್ಲ. ಪ್ರತಿ ಕೊಠಡಿಯಲ್ಲಿ ಮೂರು ಕಡೆ ಹೀಗೆ ಹಾಳೆ ಅಂಟಿಸಿ, ತೇದಿ ಹಾಕಿ ಫೋಟೊ ತೆಗೆದರೆ ಮೊದಲ ತಿಂಗಳಲ್ಲೇ ಒಂದು ನಕ್ಷೆ ಸಿದ್ಧವಾಗುತ್ತದೆ. ಮಳೆಯ ಲೆಕ್ಕಕ್ಕೆ ಪರದಾಡಬೇಕಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹತ್ತಿರದ ಮಾಪಕದ ಅಂಕಿಗಳ ಪಕ್ಕದಲ್ಲಿ ನಿಮ್ಮ ಗೋಡೆಯ ಅಂಕಿ ಇಟ್ಟರೆ, ಕಲೆ ಮಳೆಯ ಹಿಂದೆ ಓಡುತ್ತಿದೆಯೋ ಇಲ್ಲವೋ ತಾನಾಗಿ ಕಾಣುತ್ತದೆ.

ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚು ಎಡವುವುದು ಮುಂದಿನ ವಿಷಯದಲ್ಲಿ. ಮೀಟರನ್ನು ಕೊಠಡಿಯ ನಡುವೆ ಮೇಜಿನ ಮೇಲಿಟ್ಟು, ಸಾಪೇಕ್ಷ ಆರ್ದ್ರತೆ (ಗಾಳಿ ಆ ಉಷ್ಣತೆಯಲ್ಲಿ ಹಿಡಿದುಕೊಳ್ಳಬಲ್ಲ ನೀರಾವಿಯಲ್ಲಿ ಈಗ ಇರುವುದರ ಪಾಲು) ಶೇ 75 ಬಂತು, ಬೂಷ್ಟು ಬೆಳೆಯಲು ಶೇ 80 ಬೇಕಂತೆ, ಆದ್ದರಿಂದ ತೊಂದರೆಯಿಲ್ಲ ಎಂದು ಬರೆದುಬಿಡುತ್ತಾರೆ. ಬೂಷ್ಟು ಬೆಳೆಯುವುದು ಮೇಜಿನ ಮೇಲಲ್ಲ, ಗೋಡೆಯ ಮೈಮೇಲೆ. ಕೊಠಡಿಯ ಗಾಳಿ 24 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು ಆರ್ದ್ರತೆ ಶೇ 75 ಇದೆ ಎನ್ನಿ. ಅದೇ ಗಾಳಿ 20.5 ಡಿಗ್ರಿಯ ಗೋಡೆಯನ್ನು ಮುಟ್ಟಿದಾಗ ಅಲ್ಲಿ ಆರ್ದ್ರತೆ ಸುಮಾರು ಶೇ 93 ಆಗುತ್ತದೆ. ಹನಿ ಮೂಡದಿದ್ದರೂ ಅಷ್ಟು ತೇವ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಸಾಕು. ಆದ್ದರಿಂದ ಗಾಳಿಯ ಉಷ್ಣತೆ, ಗಾಳಿಯ ಆರ್ದ್ರತೆ, ಗೋಡೆಯ ಮೈಯ ಉಷ್ಣತೆ, ಈ ಮೂರನ್ನೂ ಒಂದೇ ಸಮಯಕ್ಕೆ ಅಳೆಯಬೇಕು. ಗೋಡೆಗೆ ಗುರಿಯಿಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಎಲ್ಲಿ ಹೆಚ್ಚು ತಣ್ಣಗಿದೆ ಎಂದು ಹುಡುಕಲು ಒಳ್ಳೆಯದು. ಆದರೆ ಅಗ್ಗದವು ಒಂದೆರಡು ಡಿಗ್ರಿ ಅತ್ತಿತ್ತ ಹೋಗುತ್ತವೆ, ಈ ಲೆಕ್ಕದಲ್ಲಿ ಒಂದೆರಡು ಡಿಗ್ರಿಯೇ ಎಲ್ಲ. ತಣ್ಣನೆಯ ಜಾಗ ಸಿಕ್ಕ ಮೇಲೆ ಅಲ್ಲಿ ಉಷ್ಣತೆ ಅಳೆಯುವ ಡಿಎಸ್18ಬಿ20ಯಂಥ ಸಣ್ಣ ಸೆನ್ಸರನ್ನು ಟೇಪಿನಿಂದ ಗೋಡೆಗೆ ಒತ್ತಿ ಕೂರಿಸಿ. ಸರಾಸರಿಯನ್ನು ಮಾತ್ರ ವರದಿ ಮಾಡಬೇಡಿ. ತಿಂಗಳಲ್ಲಿ ಎಷ್ಟು ಗಂಟೆ ಗೋಡೆಯ ಮೈಮೇಲೆ ಶೇ 80 ದಾಟಿತ್ತು, ಒಂದೇ ಸಮನೆ ಎಷ್ಟು ಹೊತ್ತು ದಾಟಿ ನಿಂತಿತ್ತು ಎಂದು ಎಣಿಸಿ. ಬೂಷ್ಟಿಗೆ ಸರಾಸರಿ ತಿಳಿಯದು.

ಪುಸ್ತಕಗಳಲ್ಲಿ ಪರಿಹಾರವೆಂದು ‘ಕಿಟಕಿ ತೆರೆಯಿರಿ’ ಎಂಬ ಮಾತು ಸಿಗುತ್ತದೆ. ಅದನ್ನು ಹಾಗೆಯೇ ಎತ್ತಿ ಬರೆಯಬೇಡಿ. ಆ ಪುಸ್ತಕಗಳಲ್ಲಿ ಬಹುಪಾಲು ಚಳಿ ದೇಶಗಳಲ್ಲಿ ಹುಟ್ಟಿದವು. ಅಲ್ಲಿ ಚಳಿಗಾಲದಲ್ಲಿ ಹೊರಗಿನ ಸೊನ್ನೆ ಡಿಗ್ರಿಯ ಗಾಳಿ ತುಂಬಾ ತೇವದಿಂದ ಕೂಡಿದ್ದರೂ, ಒಳಗೆ ಬಂದು 20 ಡಿಗ್ರಿಗೆ ಕಾದಾಗ ಅದರ ಆರ್ದ್ರತೆ ಶೇ 26ರ ಆಸುಪಾಸಿಗೆ ಇಳಿಯುತ್ತದೆ. ಅಂಥ ಗಾಳಿ ಒಳಗಿನದನ್ನೆಲ್ಲ ಒಣಗಿಸುತ್ತದೆ. ಸಕಲೇಶಪುರದ ಜುಲೈ ತಿಂಗಳಲ್ಲಿ ಕಿಟಕಿ ತೆರೆದರೆ ಒಳಬರುವುದು ಮೋಡವೇ. ಹೊರಗೆ 20 ಡಿಗ್ರಿ, ಶೇ 95; ಒಳಗೂ ಹೆಚ್ಚುಕಡಿಮೆ ಅಷ್ಟೇ ಉಷ್ಣತೆ. ಒಣಗುವುದೆಲ್ಲಿಂದ ಬಂತು?

ಹಾಗಾದರೆ ನಮ್ಮ ಹಿರಿಯರ ಮನೆಗಳು ಹೇಗೆ ತಾಳಿಕೊಂಡವು? ಒಲೆಯಿಂದ. ಮಲೆನಾಡಿನ ಹಳೆಯ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅಡುಗೆ ಒಲೆ, ಬಚ್ಚಲ ಒಲೆ ಉರಿಯುತ್ತಿದ್ದವು. ಬಿಸಿಯೂ ಹೊಗೆಯೂ ಅಟ್ಟಕ್ಕೆ ಏರಿ ಹೆಂಚಿನ ಸಂದಿನಿಂದ ಹೊರಗೆ ಹೋಗುತ್ತಿದ್ದವು. ಅಡಿಕೆ, ಸೌದೆ, ಬಿತ್ತನೆ ಬೀಜ ಎಲ್ಲ ಆ ಅಟ್ಟದ ಮೇಲೇ ಒಣಗಿರುತ್ತಿದ್ದವು. ಮೇಲೆ ಹೇಳಿದ 20 ಡಿಗ್ರಿ, ಶೇ 95ರ ಗಾಳಿಯನ್ನು 24 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಸುಮಾರು ಶೇ 74ಕ್ಕೆ ಇಳಿಯುತ್ತದೆ. ನಾಲ್ಕೇ ಡಿಗ್ರಿ, ಅಷ್ಟರಿಂದ ಮನೆ ಬೂಷ್ಟಿನ ಗೆರೆಯಿಂದ ಕೆಳಗಿಳಿಯುತ್ತಿತ್ತು. ಆ ಹೊಗೆ ಹೆಂಗಸರ ಕಣ್ಣು, ಎದೆಗೂಡನ್ನು ಹಾಳುಮಾಡಿತು ಎಂಬುದನ್ನು ಮರೆಯಬಾರದು. ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು. ಆದರೆ ಒಲೆ ಹೋದಾಗ ಅದರೊಂದಿಗೆ ಮನೆಯನ್ನು ಒಣಗಿಸುವ ಯಂತ್ರವೂ ಹೋಯಿತು. ಅದೇ ಹೊತ್ತಿಗೆ ಹೆಂಚು ಹೋಗಿ ಆರ್‌ಸಿಸಿ ತಾರಸಿ ಬಂತು. ಬದಲಿಗೆ ಏನು ಬೇಕು ಎಂದು ಯಾರೂ ಯೋಚಿಸಲಿಲ್ಲ. ನಿಮ್ಮ ಹಾಸ್ಟೆಲು ಹುಟ್ಟಿನಿಂದಲೇ ಒಲೆಯಿಲ್ಲದ ಮನೆ.

ಕಿಟಕಿ ಯಾವಾಗ ತೆರೆಯಬೇಕು ಎಂಬುದನ್ನು ಅಳತೆಯಿಂದಲೇ ಹೇಳಬಹುದು. ಒಳಗೊಂದು, ಹೊರಗೆ ಮಳೆ ತಾಕದ ಕಡೆ ಒಂದು ಸೆನ್ಸರ್ ಇಡಿ. ಶೇಕಡಾವಾರು ಅಂಕಿಗಳನ್ನು ಹೋಲಿಸದೆ, ಎರಡನ್ನೂ ಘನ ಮೀಟರಿಗೆ ಎಷ್ಟು ಗ್ರಾಂ ನೀರಾವಿ ಎಂದು ಪರಿವರ್ತಿಸಿ ಹೋಲಿಸಿ. ಒಳಗಿನ ಗ್ರಾಂ ಹೆಚ್ಚಿದ್ದ ಹೊತ್ತಿನಲ್ಲಿ ತೆರೆದರೆ ಲಾಭ, ಹೊರಗಿನದು ಹೆಚ್ಚಿದ್ದರೆ ನಷ್ಟ. ನಿಮ್ಮ ಹಾಸ್ಟೆಲಿಗೆ ದಿನದ ಯಾವ ಗಂಟೆಗಳು ಲಾಭದವು ಎಂದು ಒಂದು ಪಟ್ಟಿ ಮಾಡಿಕೊಟ್ಟರೆ, ಅದಕ್ಕಿಂತ ಉಪಯೋಗದ ಫಲಿತಾಂಶ ಬೇರೆ ಬೇಕಿಲ್ಲ.

ಒಳಗಿನ ಗ್ರಾಂ ಹೆಚ್ಚುವುದು ಎಲ್ಲಿಂದ? ‘ಬಟ್ಟೆ ಒಣಗುವುದಿಲ್ಲ’ ಎಂದು ನೀವೇ ಬರೆದಿದ್ದೀರಿ. ಅದು ಬರಿಯ ದೂರಲ್ಲ, ಕಾರಣವೂ ಆಗಿರಬಹುದು. ಒಂದು ತೂಗುಕೊಕ್ಕೆಯ ತಕ್ಕಡಿ ತನ್ನಿ. ಕೊಠಡಿಯೊಳಗೆ ಹಗ್ಗಕ್ಕೆ ಹಾಕುವ ಮುನ್ನ ಒದ್ದೆ ಬಟ್ಟೆಯ ಬಕೆಟನ್ನು ತೂಗಿ, ಒಣಗಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸವೆಲ್ಲ ಕೊಠಡಿಯ ಗಾಳಿಗೆ ಸೇರಿದ ನೀರು. ಕೈಯಲ್ಲಿ ಹಿಂಡಿದ ಒಂದು ಬಕೆಟ್ ಬಟ್ಟೆಯಲ್ಲಿ ಎರಡು ಲೀಟರ್ ನೀರು ಉಳಿದಿರುವುದು ಸುಲಭ. ಈಗ ಲೆಕ್ಕ ಹಾಕಿ: 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿಯ ಗಾಳಿ 22 ಡಿಗ್ರಿಯಲ್ಲಿ ಗರಿಷ್ಠ ಹಿಡಿದುಕೊಳ್ಳಬಲ್ಲ ನೀರು ಸುಮಾರು 700 ಗ್ರಾಂ. ಎರಡು ಲೀಟರ್ ನೀರಿಗೆ ಗಾಳಿಯಲ್ಲಿ ಜಾಗವೇ ಇಲ್ಲ. ಹೊರಗೆ ಹೋಗುವ ದಾರಿಯಿಲ್ಲದಿದ್ದರೆ ಅದು ಗೋಡೆ, ಹಾಸಿಗೆ, ಪುಸ್ತಕಗಳಲ್ಲೇ ಕೂರಬೇಕು. ಇದರ ಮೇಲೆ, ಸುಮ್ಮನೆ ಮಲಗಿರುವ ಮನುಷ್ಯನಿಂದಲೂ ಉಸಿರು, ಬೆವರಿನ ಮೂಲಕ ಗಂಟೆಗೆ 40 ಗ್ರಾಂನಷ್ಟು ನೀರು ಗಾಳಿಗೆ ಸೇರುತ್ತದೆ. ಮೂವರ ಒಂದು ರಾತ್ರಿಯ ಉಸಿರೆಂದರೆ ಹತ್ತಿರಹತ್ತಿರ ಇನ್ನೊಂದು ಲೀಟರ್. ನಿಮ್ಮ ಪ್ರಾಜೆಕ್ಟಿನ ಕೊನೆಯ ಸಲಹೆ ಬಣ್ಣವಾಗದೆ, ನೆಲಮಹಡಿಯಲ್ಲೋ ತಾರಸಿಯಲ್ಲೋ ಬಟ್ಟೆ ಒಣಗಿಸಲು ತಗಡಿನ ಸೂರಿನ ಒಂದು ಜಾಗ ಎಂದಾದರೆ ನನಗೆ ಆಶ್ಚರ್ಯವಾಗದು. ಆದರೆ ಅದನ್ನು ಅಳೆದೇ ಹೇಳಬೇಕು, ನನ್ನ ಮಾತು ನಂಬಿ ಅಲ್ಲ.

ಉಪಕರಣಗಳ ವಿಷಯ. ಲಕ್ಷಗಟ್ಟಲೆ ಬೇಕಿಲ್ಲ, ನಾಲ್ವರು ಸೇರಿ ಕೆಲವು ಸಾವಿರ ಹಾಕಿದರೆ ನಡೆಯುತ್ತದೆ. ಆದರೆ ಆರ್ದ್ರತೆ ಅಳೆಯಲು ಅಂಗಡಿಯವರು ಮೊದಲು ಕೈಗೆ ಕೊಡುವ ಡಿಎಚ್‌ಟಿ11 ಸೆನ್ಸರನ್ನು ತರಬೇಡಿ. ಅದರ ತಪ್ಪಿನ ಅಂತರ ಶೇ 5ರಷ್ಟು, ಶೇ 90ರ ಮೇಲೆ ಅದು ಲೆಕ್ಕಕ್ಕಿಲ್ಲ. ನಮ್ಮ ಮಳೆಗಾಲ ಶುರುವಾಗುವುದೇ ಅಲ್ಲಿಂದ. ಎಸ್‌ಎಚ್‌ಟಿ31ರಂಥದ್ದು ಸ್ವಲ್ಪ ದುಬಾರಿ, ಆದರೆ ಸಾಕಷ್ಟು ನಂಬಬಹುದು. ಯಾವುದನ್ನು ತಂದರೂ ಉಪ್ಪಿನ ಪರೀಕ್ಷೆ ಮಾಡದೆ ಗೋಡೆಗೆ ಕಟ್ಟಬೇಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಒದ್ದೆ ಮರಳಿನಂತೆ ಮಾಡಿ, ಪೂರ್ತಿ ಕರಗಬಾರದು. ಅದನ್ನೂ ಸೆನ್ಸರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. 25 ಡಿಗ್ರಿಯ ಆಸುಪಾಸಿನಲ್ಲಿ ಡಬ್ಬಿಯೊಳಗಿನ ಆರ್ದ್ರತೆ ಶೇ 75ಕ್ಕೆ ನಿಲ್ಲಲೇಬೇಕು, ಅದು ಉಪ್ಪಿನ ಗುಣ. ನಿಮ್ಮ ಸೆನ್ಸರ್ 79 ತೋರಿಸಿದರೆ ಅದರ ತಪ್ಪು 4 ಎಂದು ಬರೆದುಕೊಳ್ಳಿ. ಪ್ರಾಜೆಕ್ಟ್ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಏಕೆಂದರೆ ತೇವದಲ್ಲಿ ತಿಂಗಳುಗಟ್ಟಲೆ ಇದ್ದ ಸೆನ್ಸರ್ ದಾರಿ ತಪ್ಪುತ್ತದೆ. ಮೌಖಿಕ ಪರೀಕ್ಷೆಯ ದಿನ ಈ ಎರಡು ಅಂಕಿಗಳನ್ನು ಮುಂದಿಟ್ಟರೆ, ನಿಮ್ಮ ಉಳಿದ ಅಂಕಿಗಳ ಬಗ್ಗೆ ಪರೀಕ್ಷಕರು ಅನುಮಾನಪಡುವುದಕ್ಕೆ ಕಾರಣ ಉಳಿಯುವುದಿಲ್ಲ.

ಗಾಳಿ ಬದಲಾವಣೆ ಅಳೆಯಬೇಕೆಂದರೆ ಇಂಗಾಲದ ಡೈಆಕ್ಸೈಡ್ ಮೀಟರ್ ಬೇಕು. ಅನಿಲವನ್ನು ನೇರವಾಗಿ ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವುದನ್ನೇ ತನ್ನಿ. ಬೇರೆ ಅನಿಲಗಳಿಂದ ಊಹಿಸಿ ತೋರಿಸುವ ಅಗ್ಗದವು ಅಗರಬತ್ತಿ ಹಚ್ಚಿದರೂ ಏರುತ್ತವೆ. ಹೊರಗಿನ ಗಾಳಿಯಲ್ಲಿ ಈಗ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ, ಇದೆ. ಉಸಿರಿನಿಂದ ಒಳಗೆ ಏರಿದ ಅಂಕಿ, ಎಲ್ಲರೂ ಕೊಠಡಿ ಬಿಟ್ಟ ಮೇಲೆ ಹೊರಗಿನ ಗಾಳಿ ಸೇರಿ ಹೇಗೆ ಇಳಿಯುತ್ತದೆ ನೋಡಿ. 1,820ರಿಂದ 820ಕ್ಕೆ ಅರ್ಧ ಗಂಟೆಯಲ್ಲಿ ಇಳಿದರೆ, ಹೊರಗಿನ 420 ಕಳೆದು ಉಳಿಯುವ 1,400 ಮತ್ತು 400ರ ಅನುಪಾತದ ಸ್ವಾಭಾವಿಕ ಲಾಗರಿದಮ್ ತೆಗೆದು ಅರ್ಧ ಗಂಟೆಯಿಂದ, ಅಂದರೆ 0.5ರಿಂದ, ಭಾಗಿಸಿ. ಗಂಟೆಗೆ ಎರಡೂವರೆ ಸಲ ಗಾಳಿ ಬದಲಾಗಿದೆ ಎಂದಾಯಿತು. ಕಿಟಕಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ, ವೆಂಟಿಲೇಟರ್ ಮಾತ್ರ ತೆರೆದು ಒಮ್ಮೆ ಮಾಡಿ.

ಈಗ ಜನರನ್ನು ಕೇಳುವ ಮಾತು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿ ತೊಡಕಿರುವುದು ಯಂತ್ರದಲ್ಲಲ್ಲ, ಭಾಷೆಯಲ್ಲಿ.

ಕೆಲವು ವರ್ಷಗಳ ಹಿಂದೆ ಇಬ್ಬರು ವಿದ್ಯಾರ್ಥಿನಿಯರು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಹೆಂಗಸರ ನಡುವೆ ಸಮೀಕ್ಷೆ ಮಾಡಿದರು. ಅವರ ಜೊತೆ ನಾನೂ ಹೋಗಿದ್ದೆ. ಮಾರ್ಚ್ ತಿಂಗಳ ಮಧ್ಯಾಹ್ನ, ಉದ್ದನೆಯ ಶೆಡ್ಡು, ಸಿಪ್ಪೆಯ ಧೂಳು ಬೆಳಕಿನ ಕೋಲಿನಲ್ಲಿ ತೇಲುತ್ತಿತ್ತು. ಉಷ್ಣ ಹಿತವನ್ನು, ಅಂದರೆ ಇರುವ ಬಿಸಿ ಚಳಿ ಮೈಗೆ ಹೇಗನಿಸುತ್ತದೆ ಎಂಬುದನ್ನು, ಅಳೆಯಲು ಜಗತ್ತಿನಾದ್ಯಂತ ಏಳು ಮೆಟ್ಟಿಲಿನ ಒಂದು ಮಾಪಕ ಬಳಸುತ್ತಾರೆ, ಕಡುಚಳಿಗೆ ಋಣ 3, ತೀರಾ ಬಿಸಿಗೆ ಧನ 3, ನಡುವೆ ಸೊನ್ನೆ. ನಮ್ಮ ಹುಡುಗಿಯರು ಅದನ್ನು ನಿಘಂಟು ನೋಡಿ ಕನ್ನಡಕ್ಕೆ ತಂದಿದ್ದರು: ಚಳಿ, ತಂಪು, ಸ್ವಲ್ಪ ತಂಪು, ಸಮ, ಸ್ವಲ್ಪ ಬೆಚ್ಚಗೆ, ಬೆಚ್ಚಗೆ, ಬಿಸಿ. ಕೇಳಿದಾಗ ಒಬ್ಬ ವಯಸ್ಸಾದ ಹೆಂಗಸು ಕೈ ನಿಲ್ಲಿಸದೆ, "ತಂಪಾಗಿದೆ ಕಣಮ್ಮ, ಹೊರಗೆ ಬಿಸಿಲು ನೋಡು" ಎಂದರು. ಹುಡುಗಿ ಋಣ 2 ಎಂದು ಗುರುತು ಹಾಕಿದಳು. ಥರ್ಮಾಮೀಟರ್ 31 ಡಿಗ್ರಿ ತೋರಿಸುತ್ತಿತ್ತು. ಆಕೆ ತನಗೆ ಹಿತವಾಗಿದೆ ಎಂದು ಹೇಳಿದ್ದರು. ಕಾಗದದಲ್ಲಿ ಆಕೆಗೆ ಚಳಿಯಾಗಿ ಕಷ್ಟವಾಗುತ್ತಿದೆ ಎಂದು ದಾಖಲಾಯಿತು.

ಕನ್ನಡದಲ್ಲಿ ‘ತಂಪು’ ಒಳ್ಳೆಯ ಮಾತು. ‘ಹೊಟ್ಟೆ ತಂಪಾಗಿರಲಿ’ ಎಂದು ಹರಸುವ ಜನ ನಾವು. ‘ಬೆಚ್ಚಗೆ’ಯೂ ಒಳ್ಳೆಯ ಮಾತೇ, ಅದರಲ್ಲೂ ಆಷಾಢದಲ್ಲಿ. ಈ ಎರಡನ್ನು ಅಳತೆಗೋಲಿನ ಎರಡು ತುದಿಗಳ ಕಡೆಗೆ ಇಟ್ಟರೆ ಉತ್ತರಗಳೆಲ್ಲ ಕಲಸಿಹೋಗುತ್ತವೆ. ಕಷ್ಟವನ್ನು ಹೇಳಲು ನಮ್ಮಲ್ಲಿ ಬೇರೆ ಪದಗಳಿವೆ, ಅವು ಇಂಗ್ಲಿಷಿಗಿಂತ ಸೂಕ್ಷ್ಮವಾಗಿವೆ. ‘ಥಂಡಿ’ ಎಂದರೆ ತೇವ ಕೂಡಿದ ಚಳಿ. ‘ಸೆಕೆ’ ಎಂದರೆ ಬೆವರು ಆರದ ಬಿಸಿ. ‘ಝಳ’ ತಗಡಿನ ಸೂರಿನಿಂದಲೋ ಕಾದ ಗೋಡೆಯಿಂದಲೋ ಮೈಗೆ ಹೊಡೆಯುವಂಥದ್ದು. ‘ಧಗೆ’ ಇನ್ನೊಂದು. ಒಬ್ಬಾಕೆ ‘ಸೆಕೆ’ ಎಂದರೆ ಗಾಳಿಯ ಚಲನೆ ಸಾಲದು ಎಂದೂ, ‘ಝಳ’ ಎಂದರೆ ಸೂರಿಗೆ ಶಾಖ ತಡೆಯುವ ಪದರ ಬೇಕೆಂದೂ ಎಂಜಿನಿಯರ್ ಓದಿಕೊಳ್ಳಬಹುದು. ಪರಿಹಾರದ ಅರ್ಧ ಭಾಗ ಆಕೆಯ ಒಂದು ಪದದಲ್ಲಿದೆ. ಆದ್ದರಿಂದ ಮೊದಲ ಹತ್ತು ಜನರಿಗೆ ಯಾವ ಆಯ್ಕೆಯನ್ನೂ ಕೊಡದೆ, "ಈ ಜಾಗ ಈಗ ಹೇಗಿದೆ?" ಎಂದಷ್ಟೇ ಕೇಳಿ. ಅವರು ಬಳಸಿದ ಪದಗಳಿಂದಲೇ ಪ್ರಶ್ನಾವಳಿ ಕಟ್ಟಿ. ಜೊತೆಗೆ ತಪ್ಪದೆ ಇನ್ನೊಂದು ಪ್ರಶ್ನೆ ಇರಲಿ: "ಹೀಗೇ ಇರಲಿಯೇ, ಇನ್ನೂ ತಂಪಾಗಬೇಕೇ, ಇನ್ನೂ ಬೆಚ್ಚಗಾಗಬೇಕೇ?" ಈ ಪ್ರಶ್ನೆ ಇದ್ದಿದ್ದರೆ ಆ ಹೆಂಗಸಿನ ಮಾತು ತಪ್ಪಾಗಿ ದಾಖಲಾಗುತ್ತಿರಲಿಲ್ಲ. ಮೈಮೇಲೆ ಸ್ವೆಟರ್ ಇದೆಯೇ, ಶಾಲು ಇದೆಯೇ, ಈಗಷ್ಟೇ ಮೆಟ್ಟಿಲು ಹತ್ತಿ ಬಂದವರೇ ಎಂಬುದನ್ನೂ ಬರೆದುಕೊಳ್ಳಿ.

ಭಾರತಕ್ಕೆಂದೇ ಒಂದು ಹಿತದ ಮಾದರಿಯಿದೆ, ಐಮ್ಯಾಕ್ ಎನ್ನುತ್ತಾರೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಮುಂದಾಗಿ ಮಾಡಿದ ಕೆಲಸ. ಕಿಟಕಿಯ ಗಾಳಿಯಿಂದಲೇ ನಡೆಯುವ ಕಟ್ಟಡಗಳಿಗೆ ಅದರ ಸೂತ್ರ ಸರಳ: ಇತ್ತೀಚಿನ ದಿನಗಳ ಹೊರಗಿನ ಸರಾಸರಿ ಉಷ್ಣತೆಯನ್ನು 0.54ರಿಂದ ಗುಣಿಸಿ 12.83 ಕೂಡಿಸಿದರೆ ಜನಕ್ಕೆ ಹಿತವೆನಿಸುವ ಒಳಗಿನ ಉಷ್ಣತೆ. ಹೊರಗೆ 24 ಇದ್ದರೆ ಒಳಗೆ 25.8ರ ಆಸುಪಾಸು. ಆ ಮಾದರಿಗೆ ಜನರ ಉತ್ತರಗಳನ್ನು ಕೂಡಿಸಿದ್ದು ಅಹಮದಾಬಾದ್, ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ ಎಂಬ ಐದು ಊರುಗಳ ಕಚೇರಿಗಳಲ್ಲಿ. ಮಲೆನಾಡಿನ ಮಳೆಗಾಲ ಆ ಪಟ್ಟಿಯಲ್ಲಿಲ್ಲ. ಮಾರ್ಗದರ್ಶಕರು ‘ಹೊಸತೇನು?’ ಎಂದು ಕೇಳಿದರೆ ಇದನ್ನು ಹೇಳಿ.

ಅವರ ಮುಂದೆ ಇಡಬಹುದಾದ, ನನಗೆ ಬಹಳ ಇಷ್ಟವಾದ ಇನ್ನೊಂದು ವಿಚಾರವಿದೆ. ಸರ್ಕಾರಿ ವಸತಿನಿಲಯಗಳು, ಶಾಲೆಗಳು ಎಷ್ಟೋ ಕಡೆ ಒಂದೇ ನಕ್ಷೆಯ ಪ್ರಕಾರ ಏಳುತ್ತವೆ. ನಿಮ್ಮ ಜಿಲ್ಲೆಯ ಒಂದು ತುದಿಗೆ ಸಕಲೇಶಪುರ, ಇನ್ನೊಂದು ತುದಿಗೆ ಅರಸೀಕೆರೆ. ಒಂದರಲ್ಲಿ ಕೊಡೆ ಮಡಚುವಂತಿಲ್ಲ, ಇನ್ನೊಂದರಲ್ಲಿ ಮೋಡ ನೋಡಿ ಕಾಯಬೇಕು. ಚಿಕ್ಕಮಗಳೂರಿನವರಿಗೆ ಮೂಡಿಗೆರೆ ಮತ್ತು ಕಡೂರು ಹಾಗೆಯೇ. ಒಂದೇ ನಕ್ಷೆಯ ಕಟ್ಟಡ ಎರಡೂ ಕಡೆ ಸಿಕ್ಕಿತೆಂದರೆ ಯಾವ ಪ್ರಯೋಗಾಲಯವೂ ಕಟ್ಟಿಕೊಡಲಾಗದ ಪ್ರಯೋಗ ನಿಮ್ಮ ಮುಂದೆ ಸಿದ್ಧವಾಗಿ ನಿಂತಿದೆ. ಅದೇ ಸಜ್ಜ, ಅದೇ ಕಿಟಕಿ, ಅದೇ ಗೋಡೆಯ ದಪ್ಪ, ಹವೆ ಮಾತ್ರ ಬೇರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಒಣ ಸೆಕೆಯ ಹವೆಗೆ ಕೊಠಡಿಯ ನೆಲದ ವಿಸ್ತೀರ್ಣದ ಹತ್ತನೆಯ ಒಂದು ಭಾಗ, ತೇವದ ಸೆಕೆಯ ಹವೆಗೆ ಆರನೆಯ ಒಂದು ಭಾಗ ಕಿಟಕಿ ಬೇಕೆಂದು ಬೇರೆ ಬೇರೆಯಾಗಿ ಹೇಳುತ್ತದೆ. ಒಂದೇ ನಕ್ಷೆ ಎರಡಕ್ಕೂ ಹೇಗೆ ಹೊಂದೀತು? ಹಾಸ್ಟೆಲಿನ ದೂರು ಪುಸ್ತಕವನ್ನೂ ಬಿಡಬೇಡಿ. ಐದು ವರ್ಷದ ದೂರುಗಳನ್ನು ಕೊಠಡಿ ಸಂಖ್ಯೆ ಮತ್ತು ತಿಂಗಳ ಪ್ರಕಾರ ವಿಂಗಡಿಸಿದರೆ, ಸೆನ್ಸರ್ ಇಲ್ಲದ ಕಾಲದ ಅಳತೆಯೂ ಸಿಕ್ಕಂತಾಗುತ್ತದೆ.

ಎರಡು ಎಚ್ಚರಿಕೆಗಳು. ಇಂಗಾಲದ ಡೈಆಕ್ಸೈಡ್ ಮೀಟರ್ ಕೊಠಡಿಯಲ್ಲಿ ಯಾವಾಗ ಎಷ್ಟು ಜನ ಇದ್ದರು ಎಂಬುದನ್ನೂ ಹೇಳಿಬಿಡುತ್ತದೆ. ಅದು ಹುಡುಗಿಯರ ಕೊಠಡಿಯಾದರೆ ಇನ್ನೂ ಸೂಕ್ಷ್ಮ ವಿಷಯ. ವಾರ್ಡನ್ ಒಪ್ಪಿಗೆ ಸಾಲದು, ಕೊಠಡಿಯಲ್ಲಿ ಇರುವ ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಬೇಕು. ಕೊಠಡಿ ಸಂಖ್ಯೆಯ ಬದಲು ಸಂಕೇತ ಬಳಸಿ, ಗಂಟೆಗಂಟೆಯ ಅಂಕಿಗಳನ್ನು ಆಡಳಿತದ ಕೈಗೆ ಕೊಡಬೇಡಿ. ಇನ್ನೊಂದು, ತಟ್ಟೆಯಲ್ಲಿ ಬೂಷ್ಟು ಬೆಳೆಸಿ ಎಣಿಸುವ ಆಸೆಗೆ ಬೀಳಬೇಡಿ. ತೇವ ಮತ್ತು ಬೂಷ್ಟಿಗೆ ಉಸಿರಾಟದ ತೊಂದರೆಗಳ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದೆ, ಆದರೆ ಇಷ್ಟು ಬೂಷ್ಟು ಸುರಕ್ಷಿತ, ಇಷ್ಟು ಅಪಾಯ ಎಂಬ ಗೆರೆಯನ್ನು ಅದು ಎಳೆದಿಲ್ಲ. ಯಾರಿಗೆ ಏಕೆ ಕೆಮ್ಮು ಎಂಬುದನ್ನು ವೈದ್ಯರಿಗೆ ಬಿಡಿ. ನೀವು ಗೋಡೆ ಒದ್ದೆ ಏಕೆ ಎಂಬುದನ್ನು ಹೇಳಿ.

ವರದಿ ಎರಡು ಬರೆಯಿರಿ. ಒಂದು ವಿಶ್ವವಿದ್ಯಾಲಯಕ್ಕೆ. ಇನ್ನೊಂದು ಒಂದೇ ಪುಟದ್ದು, ಕನ್ನಡದಲ್ಲಿ, ವಾರ್ಡನ್, ಗುಡಿಸುವವರು ಮತ್ತು ಮುಂದಿನ ವರ್ಷ ಆ ಕೊಠಡಿಗೆ ಬರುವ ಹುಡುಗಿಯರಿಗೆ: ಯಾವ ಹೊತ್ತಿನಲ್ಲಿ ಕಿಟಕಿ ತೆರೆಯಬೇಕು, ಬೀರು ಗೋಡೆಯಿಂದ ಎಷ್ಟು ದೂರವಿರಬೇಕು, ಬಟ್ಟೆ ಎಲ್ಲಿ ಒಣಗಿಸಬೇಕು.

ನಿಮ್ಮ ಪತ್ರ ಕೈಸೇರುವ ಹೊತ್ತಿಗೆ ಮಳೆ ಹಿಡಿದಾಗಿದೆ. ಪ್ರಾಜೆಕ್ಟಿನ ವಿಷಯಕ್ಕೆ ಅನುಮೋದನೆ ಬರಲು ಇನ್ನೂ ವಾರಗಳು ಬೇಕಾದೀತು, ಅಷ್ಟರಲ್ಲಿ ಒಳ್ಳೆಯ ಅಂಕಿಗಳೆಲ್ಲ ಹರಿದುಹೋಗಿರುತ್ತವೆ. ಬಾಧಿತ ಸಾಲಿನ ಎರಡು ಕೊಠಡಿ, ಎದುರು ಸಾಲಿನ ಎರಡು ಕೊಠಡಿಗಳವರ ಒಪ್ಪಿಗೆ ಪಡೆದು ಈ ವಾರವೇ ಸೆನ್ಸರ್ ಕಟ್ಟಿ, ಫೆಬ್ರವರಿಯವರೆಗೆ ಬಿಚ್ಚಬೇಡಿ. ಒಣಗಿದ ತಿಂಗಳ ಅಂಕಿಯಿಲ್ಲದೆ ಒದ್ದೆ ತಿಂಗಳ ಅಂಕಿಗೆ ಬೆಲೆಯಿಲ್ಲ. ಮಾರ್ಗದರ್ಶಕರನ್ನು ಒಂದು ಸಂಜೆ ಹಾಸ್ಟೆಲಿಗೆ ಕರೆದುಕೊಂಡು ಹೋಗಿ, ಅಲ್ಯೂಮಿನಿಯಂ ಹಾಳೆಯ ಮೇಲಿನ ಹನಿಯನ್ನು ತೋರಿಸಿ. ಉಪ್ಪಿನ ಡಬ್ಬಿಯಲ್ಲಿ ನಿಮ್ಮ ಸೆನ್ಸರ್ ಎಷ್ಟು ತೋರಿಸಿತೆಂದು ನನಗೆ ಬರೆಯಿರಿ, ಮುಂದಿನ ಲೆಕ್ಕವನ್ನು ಅಲ್ಲಿಂದ ಕೂಡಿ ಮಾಡೋಣ.